ಸೀಡಿಗೆ ಬಳಿದ ಕುಂಕುಮ

ನಂಜನಗೂಡಿನಲ್ಲಿ ಕಂಪ್ಯೂಟರ್ ರಿಪೇರಿಗೆ ನನ್ನನ್ನು ಮೀರಿಸುವವರಿರಲಿಲ್ಲ. ತಿ. ನರಸೀಪುರದ ಗೆಳೆಯನ ಬ್ರೌಸಿಂಗ್ ಸೆಂಟರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ನೆಟ್ ಹಿಡಿಯುವ ವೈರ್‌ಲೆಸ್ ಕಾರ್ಡು ಕೆಲಸವನ್ನೇ ನಿಲ್ಲಿಸಿತು. ಪಿಯುಸಿ ರಿಸಲ್ಟ್ ನೋಡಲು ಮಕ್ಕಳು ಬಾಗಿಲಲ್ಲಿ ತುಂಬಿದ್ದರು.

"ಆ ಕಾರ್ಡು ನಡೆಸೋ ಡ್ರೈವರ್ ಸೀಡಿ ಕೊಡು ಕಣ್ಲಾ, ಐದೇ ನಿಮಿಷ" ಎಂದೆ.

ಕೊಟ್ಟ. ಹೊಳೆಯುವ ಮಗ್ಗುಲ ತುಂಬ ಒಣಗಿದ ಗಂಧ, ಕುಂಕುಮ, ಕೊಳೆತು ಅಂಟಿದ ಹೂವಿನೆಸಳು. ಥೂ!

"ಯಾವ ಬೆಪ್ಪ ಬಳಿದೋನು?"

"ನಾನೇ ಕಣ್ಲಾ. ಆಯುಧ ಪೂಜೇಲಿ ನೀನೇ ಏಳಿದ್ದಲ್ಲ, ಒಳೆಯೋ ಕಡೇಗೇ ಕುಂಕ್ಮ ಇಡು, ದೇವ್ರಿಗೆ ಮಖ ಕಾಣ್ಬೇಕು ಅಂತ."

ತಮಾಷೆಗೆ ಹೇಳಿದ್ದೆ! ಎಷ್ಟು ಉಜ್ಜಿದರೂ ಗೀರು ಬಿತ್ತೇ ಹೊರತು ಸೀಡಿ ಓಡಲಿಲ್ಲ. ಡ್ರೈವರ್ ಇಳಿಸಿಕೊಳ್ಳಲು ನೆಟ್ಟೇ ಇಲ್ಲ. ಮಕ್ಕಳೆಲ್ಲ ಎದುರಂಗಡಿಗೆ ಹೋದರು. ನನ್ನ ನಾಲಿಗೆಯ ಮೇಲೇ ನನಗೆ ಹೇಸಿಗೆ ಬಂತು. ಗೆಳೆಯ, ಕುಂಕುಮ ಉಜ್ಜಿ ಕೆಂಪಾದ ನನ್ನ ಕೈ ತೊಳೆಯಲು ಒಂದು ಚೊಂಬು ನೀರು ಕೊಟ್ಟ.