ಚಿಕ್ಕಮ್ಮ ಕೊಡದ ಕಣ್ಣಿನ ಔಷಧಿ

ನಮ್ಮ ಚಿಕ್ಕಮ್ಮನಿಗೆ ಸವತಿ ಬಂದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಅದೂ ರಟ್ಟಿನ ಪೆಟ್ಟಿಗೆಯಲ್ಲಿ. ಕಂದು-ಬಿಳಿ ಬಣ್ಣದ ಗಿನಿಪಿಗ್. ಗಡಿಯಾರ ರಿಪೇರಿ ಮಾಡುವ ಚಿಕ್ಕಪ್ಪ ಅದಕ್ಕೆ ‘ಚಿನ್ನಿ’ ಎಂದು ಹೆಸರಿಟ್ಟ. ಚಿಕ್ಕಮ್ಮನನ್ನು ಆತ ಇವತ್ತಿಗೂ ಕರೆಯುವುದು ‘ಏಯ್’ ಎಂದೇ.

ಚಿಕ್ಕಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವೆಲ್ಲ ಆವಿಯ ಮುಂದೆ ನಿಂತು ಮನೆಗೆ ಬಂದರೆ, ಚಿಕ್ಕಪ್ಪ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಚಿನ್ನಿಯ ಕಣ್ಣು ನೋಡುತ್ತ ಕೂತಿರುತ್ತಿದ್ದ. ಬಂದವರಿಗೆಲ್ಲ ಅದೇ ಪಾಠ. ಎರಡೂ ಕಣ್ಣಲ್ಲಿ ಹಾಲಿನಂಥ ನೀರು ಬಂದರೆ ಗಾಬರಿಯಿಲ್ಲ, ಅದರಲ್ಲೇ ಮುಖ ತೊಳೆದುಕೊಳ್ಳುತ್ತದೆ. ಗೀಜು ಕಟ್ಟಿದರೆ, ಮಂಜಾದರೆ, ಒಂದೇ ಕಣ್ಣು ಮುಚ್ಚಿದರೆ ಡಾಕ್ಟರ ಬಳಿ ಓಡಬೇಕು. ಹೋದ ತಿಂಗಳು ಚಿಕ್ಕಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಇದೇ ಮಹಾನುಭಾವ, “ನಂಗೆ ಕೈ ನಡುಗುತ್ತೆ” ಎಂದು ಒಂದು ಹನಿ ಔಷಧಿ ಹಾಕಿರಲಿಲ್ಲ. ಆಕೆ ಕನ್ನಡಿ ಮುಂದೆ ನಿಂತು ತಾನೇ ಹಾಕಿಕೊಳ್ಳುತ್ತಿದ್ದಳು, ಅರ್ಧ ಕಣ್ಣಿಗೆ, ಅರ್ಧ ಕೆನ್ನೆಗೆ. ಗಡಿಯಾರದ ಮುಳ್ಳು ಕೂರಿಸುವ ಕೈಗೆ ನಡುಕವಂತೆ! ನನಗೇ ಮೈ ಉರಿದಿತ್ತು.

ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಚಿನ್ನಿಯ ಎಡಗಣ್ಣು ಮುಚ್ಚಿಕೊಂಡಿತ್ತು. ರೆಪ್ಪೆ ಬಿಡಿಸಿದರೆ ನೀಲಿ ಮಂಜು. ಪ್ರಾಣಿಗಳ ಆಸ್ಪತ್ರೆಗೆ ಅವತ್ತು ಬೀಗ. ಚಿಕ್ಕಪ್ಪ ತನ್ನ ಪಾಠವನ್ನೆಲ್ಲ ಮರೆತು ಒದ್ದಾಡಿಹೋದ.

“ಏಯ್, ನಿನ್ನ ಡ್ರಾಪ್ಸ್ ಕೊಡು! ಕಣ್ಣು ಹೋಗ್ಬಿಡುತ್ತೆ ಅದ್ರದ್ದು.”

ಚಿಕ್ಕಮ್ಮ ಬಾಟಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. “ಗಂಡ ಆಗ್ಲೇ ಅದ್ರ ಪಾಲಾಗಿದ್ದಾನೆ. ಔಷಧೀನೂ ಕೊಡ್ಬೇಕಾ? ಕೊಡಲ್ಲ.”

“ಕಲ್ಲು ಮನಸ್ಸು ನಿಂದು!”

“ಇರ್ಲಿ ಬಿಡಿ.”

ಆದರೂ ಹುಲ್ಲು ಮುಟ್ಟದೆ ಮೂಲೆಯಲ್ಲಿ ಮುದುಡಿ ಕೂತ ಅದನ್ನು ನೋಡಿ ಅವಳಿಗೂ ಊಟ ಸೇರಲಿಲ್ಲ. ಔಷಧಿ ಕೊಡಲು ಹೊಟ್ಟೆಕಿಚ್ಚು ಬಿಡದು, ಸುಮ್ಮನಿರಲು ಮನಸ್ಸು ಬಿಡದು. ಕೊನೆಗೆ, ಲಾಂಡ್ರಿಗೆ ಬಟ್ಟೆ ಹಾಕುವ ಪ್ರಾಣಿ ಡಾಕ್ಟರಮ್ಮನ ಮನೆ ನೆನಪಾಗಿ, ಚಿನ್ನಿಯ ಜೊತೆ ಚಿಕ್ಕಪ್ಪನನ್ನೂ ನನ್ನನ್ನೂ ಹೊರಡಿಸಿಕೊಂಡು ಹೋಗಿ ಬಾಗಿಲು ಬಡಿದಳು.

ಡಾಕ್ಟರಮ್ಮ ಕಣ್ಣಿಗೆ ಗಾಯ ತೋರಿಸುವ ಬಣ್ಣದ ಹನಿ ಬಿಟ್ಟು ನೋಡಿದರು. ರೆಪ್ಪೆಯ ಅಡಿಯಿಂದ ಒಣಹುಲ್ಲಿನ ಚೂರೊಂದು ಹೊರಬಂತು. “ಗಾಯ ಆಗಿದೆ. ಈ ಮುಲಾಮು ಹಚ್ಚಿ, ವಾಸಿಯಾಗುತ್ತೆ.”

“ಇವ್ಳು ಡ್ರಾಪ್ಸ್ ಕೊಡ್ಲೇ ಇಲ್ಲ ಡಾಕ್ಟ್ರೇ” ಎಂದು ಚಿಕ್ಕಪ್ಪ ದೂರು ಹೇಳಿದ.

ಅವರು ಚಿಕ್ಕಮ್ಮನ ಮುಷ್ಟಿಯಲ್ಲೇ ಇದ್ದ ಬಾಟಲಿ ಇಸಿದುಕೊಂಡು ಓದಿದರು. “ಇದ್ರಲ್ಲಿ ಸ್ಟೀರಾಯ್ಡ್ ಇದೆ. ಈ ಗಾಯಕ್ಕೆ ಹಾಕಿದ್ರೆ ಕಣ್ಣೇ ಹೋಗ್ಬಹುದಿತ್ತು. ಬುದ್ಧಿವಂತರು ನೀವು.”

“ಬುದ್ಧಿ ಅಲ್ಲ ಡಾಕ್ಟ್ರೇ, ಹೊಟ್ಟೆಕಿಚ್ಚು. ನನ್ನ ಕಣ್ಣಿಗೆ ಹಾಕ್ದೇ ಇರೋರು ಇದಕ್ಕೆ ಯಾಕೆ ಹಾಕ್ಬೇಕು?”

ಚಿಕ್ಕಪ್ಪ ಚಿನ್ನಿಯನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದ.

ಮನೆಗೆ ಬಂದು ಅವನು ಮುಲಾಮು ತೆಗೆದದ್ದೇ ತಡ, ಚಿಕ್ಕಮ್ಮ ಅವನಿಗೂ ಚಿನ್ನಿಗೂ ನಡುವೆ ಕುರ್ಚಿ ಹಾಕಿ ಕೂತು, ಬಾಟಲಿ ಚಾಚಿದಳು. “ಮೊದ್ಲು ನಂಗೆ.”

ಚಿಕ್ಕಪ್ಪ ಬಗ್ಗಿದ. ಅವನ ಕೈ ನಿಜವಾಗಿಯೂ ನಡುಗುತ್ತಿತ್ತು. ಅರ್ಧ ಔಷಧಿ ಕೆನ್ನೆಗೇ ಹೋಯಿತು, ಚಿಕ್ಕಮ್ಮ ಒರೆಸಿಕೊಳ್ಳಲಿಲ್ಲ.

ಆಮೇಲೆ ಚಿನ್ನಿಗೆ ಮುಲಾಮು ಹಚ್ಚುವಾಗ ಆ ಕೈ ಒಂಚೂರೂ ನಡುಗಲಿಲ್ಲ. ಅದನ್ನೂ ಚಿಕ್ಕಮ್ಮ ನೋಡಿದಳು.