ಹಡಗಿಗೆ ಹೋದ ತೊಗರಿ ಕಟ್ಟಿಗೆ

ನಮ್ಮ ಕಡೆ ಹೊಲದಲ್ಲಿ ಕಟ್ಟಿಗೆಯ ಕುಪ್ಪೆಯ ಮೇಲೆ ಒಂದು ಕಲ್ಲಿಟ್ಟರೆ ಸಾಕು, ಅದಕ್ಕೆ ಒಡೆಯರಿದ್ದಾರೆ ಎಂದರ್ಥ. ಬೀಗ ಬೇಡ, ಕಾವಲು ಬೇಡ. ಕಳ್ಳ ಕೂಡ ಅದನ್ನು ಮುಟ್ಟುವುದಿಲ್ಲ. ನನ್ನ ಅಕ್ಕ ಇದನ್ನೇ ನಂಬಿದವಳು.

ಅಕ್ಕ ಸುಲೇಪೇಟದಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಬದುಕು ನಿಂತದ್ದು ಆ ಒಂದು ಒಲೆಯ ಮೇಲೆ. ಪ್ರತಿ ವರ್ಷ ತೊಗರಿ ರಾಶಿ ಮುಗಿದೊಡನೆ, ನಾವು ಕಾಕಾ ಎಂದು ಕರೆಯುವ ಹಿರಿಯ ರೈತರೊಬ್ಬರ ಹೊಲಕ್ಕೆ ಹೋಗಿ ಕೊಯ್ದ ಮೇಲೆ ನೆಲದಲ್ಲುಳಿದ ಕೂಳೆ ಕಿತ್ತು ಹೊಲ ಹಸನು ಮಾಡಿಕೊಡುತ್ತಿದ್ದಳು. ಕೂಲಿಯ ಬದಲು ಕಟ್ಟಿಗೆಯೆಲ್ಲ ಅವಳದು. ಅವಳಿಗೆ ಇಡೀ ವರ್ಷದ ಉರುವಲು ಅದೇ.

ಹೋದ ವರ್ಷ ಊರ ಕಟ್ಟೆಗೆ ಕಂಪನಿಯ ಏಜೆಂಟನೊಬ್ಬ ಬಂದ. ತೊಗರಿ ಕಟ್ಟಿಗೆಯಿಂದ ಹಡಗಿಗೆ ಇಂಧನ ಮಾಡುತ್ತಾರಂತೆ, ಸಮುದ್ರದ ಮೇಲಿನ ಹೊಗೆ ಕಡಿಮೆಯಾಗುತ್ತದಂತೆ. ನಾನು ಚಿತ್ತಾಪುರದಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಒಳ್ಳೆಯದೇ ಎಂದು ತಲೆಯಾಡಿಸಿದೆ. ಇವತ್ತು ಕೇಳಿದರೂ ಒಳ್ಳೆಯದೇ ಎನ್ನುತ್ತೇನೆ, ಅದೇ ನನ್ನ ಸಂಕಟ.

ಅಕ್ಕ ಮಾತ್ರ, "ಹಡಗಿನಾಗ ರೊಟ್ಟಿ ಯಾರ್ ಬಡಿತಾರ್ರಿ?" ಎಂದಳು. ಎಲ್ಲರೂ ನಕ್ಕರು, ಏಜೆಂಟನೂ ನಕ್ಕ.

ಕಾಕಾ ತಮ್ಮ ಹೊಲಗಳ ಕಟ್ಟಿಗೆ ಒಯ್ಯಿರಿ ಎಂದು ಒಪ್ಪಿಕೊಂಡರು. ಅಕ್ಕ ಎಂದಿನಂತೆ ತನ್ನ ಪಾಲಿನ ಹೊಲದ ಕೂಳೆ ಕಿತ್ತು, ಕುಪ್ಪೆ ಹಾಕಿ, ಪ್ರತಿಯೊಂದರ ಮೇಲೂ ಕಲ್ಲಿಟ್ಟು ಬಂದಳು. ಭಾನುವಾರ ಟ್ರ್ಯಾಕ್ಟರ್ ತೆಗೆದುಕೊಂಡು ನಾವಿಬ್ಬರೂ ಹೋದೆವು. ಹೊಲ ಬೋಳಾಗಿತ್ತು. ಬದುವಿನ ಮೇಲೆ ಅವಳ ಕಲ್ಲುಗಳು ಸಾಲಾಗಿ ಕುಳಿತಿದ್ದವು. ಅವನ್ನು ಎಸೆದಿರಲಿಲ್ಲ, ಯಾರೋ ಜೋಪಾನವಾಗಿ ತೆಗೆದಿಟ್ಟಿದ್ದರು.

ಕಾಕಾ ಓಡಿ ಬಂದು ಹಣೆ ಬಡಿದುಕೊಂಡರು. "ಕಲ್ಲಿಟ್ಟದ್ದು ಬಿಟ್ಟು ಒಯ್ತಾರಂತ ತಿಳಕೊಂಡಿದ್ದೆ ತಂಗಿ. ಇದನ್ನೂ ಬಾಯಿಬಿಟ್ಟು ಹೇಳ್ಬೇಕೇನು?"

ನಾನು ಏಜೆಂಟನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನಿಗೆ ಅರ್ಥವೇ ಆಗಲಿಲ್ಲ. "ಗಾಳಿಗೆ ಹಾರಬಾರದು ಅಂತ ಇಟ್ಟಿದ್ದಾರೆ ಅಂದ್ಕೊಂಡ್ವಿ ಸಾರ್. ಅದೆಲ್ಲ ಆಗಲೇ ಪುಡಿ ಆಗಿಹೋಯ್ತು."

ಬೈಯಲಿಕ್ಕಾದರೂ ಒಬ್ಬ ಕೆಟ್ಟವನು ಸಿಗಬಾರದೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಗೆ ಬಿಟ್ಟದ್ದು ಎಲ್ಲಿಯದೋ ಹಡಗು, ಆರಿದ್ದು ನಮ್ಮಕ್ಕನ ಒಲೆ.

ಗ್ಯಾಸಿನ ಮೇಲೆ ರೊಟ್ಟಿ ಮಾಡಿ ನೋಡಿದಳು. ಒಂದು ಸಿಲಿಂಡರ್ ಬಹಳ ದಿನ ಸಾಲಲಿಲ್ಲ, ಮೊದಲಿನ ರುಚಿ ಇಲ್ಲವೆಂದು ಗಿರಾಕಿಗಳು ಗೊಣಗಿದರು. ಖಾನಾವಳಿಯವರು ರೊಟ್ಟಿ ಮಷಿನ್ ತಂದರು. ಈಗ ಅಕ್ಕ ಅಲ್ಲಿಯೇ ತಾಟು ತೊಳೆಯುತ್ತಾಳೆ. ಊಟ ಮಾಡಿದವರು ತಾಟಿನಲ್ಲಿ ಬಿಟ್ಟುಹೋದ ಮಷಿನ್ ರೊಟ್ಟಿಯ ಅಂಚನ್ನು ಬೆರಳಲ್ಲಿ ಮುರಿದು ನೋಡುತ್ತಾಳೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಸಿಕ್ಕರು. ನನ್ನ ಮುಖ ನೋಡದೆ ಹೇಳಿದರು: "ನಮ್ಮ ಹುಡುಗ್ರು ಎಲ್ಲಾ ಹೊಲದ ಕಟಗಿ ಕಂಪನಿಗೇ ಅಂತ ಮಾತ ಕೊಟ್ಟಾರಪ್ಪ. ಇನ್ನ ಮ್ಯಾಲ ಕೂಳಿನೂ ಮಷಿನ್ನೇ ಕೀಳತದಂತ. ನಿಮ್ಮಕ್ಕಗ ನೀನೇ ಹೇಳು."

ಹೇಳಬೇಕೆಂದೇ ಅಕ್ಕನ ಮನೆಗೆ ಹೋದೆ. ಅಕ್ಕ ತಣ್ಣಗಿದ್ದ ಒಲೆಯನ್ನು ಸಾರಿಸುತ್ತ ಕುಳಿತಿದ್ದಳು. ಬದಿಯಲ್ಲಿ, ಹೊಲದಿಂದ ಬುಟ್ಟಿಯಲ್ಲಿ ಹೊತ್ತು ತಂದ ಆ ಕಲ್ಲುಗಳು. ನನ್ನನ್ನು ಕಂಡು ಕೈ ಒರೆಸಿಕೊಂಡಳು.

"ಬಾ ತಮ್ಮಾ, ಕುಂದ್ರು. ಸಣ್ಣ ಕಲ್ಲ ಅವ, ಅವರಿಗಿ ಕಂಡಿಲ್ಲ. ಈ ಸಲ ಒಂದೊಂದ ಕುಪ್ಪಿ ಮ್ಯಾಲ ಎರಡೆರಡ ಇಡ್ತೀನಿ."