ಓಡಿಸಿಕೊಂಡೇ ಬಂದ ಗಾಡಿಗಳು

ಕೊಳ್ಳೇಗಾಲದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಕಲಿಯುವವರು ಸ್ಟೀರಿಂಗ್ ಹಿಡಿದು ಕೂರುತ್ತಾರೆ, ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಬೇರೆಯವರ ಗಾಡಿಗೆ ಬ್ರೇಕ್ ಹಾಕುವುದೇ ನನ್ನ ಕಸುಬು ಎಂದರೂ ತಪ್ಪಿಲ್ಲ. ಬಸ್ಸಿನಲ್ಲಿ ಕೂತಾಗ ಎದುರಿಗೆ ಎಮ್ಮೆ ಅಡ್ಡ ಬಂದರೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಓಡಿ ಬಂದರೂ ನೀವು ಬ್ರೇಕ್ ಹಾಕುತ್ತೀರಿ ಎಂದು ನನ್ನ ಹೆಂಡತಿ ಎಲ್ಲರ ಮುಂದೆ ಆಡಿಕೊಳ್ಳುತ್ತಾಳೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ನಿಂಬೆಹಣ್ಣು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕಲಿಯಲು ಬರುವವರು ಮೊದಲ ದಿನ ಚಕ್ರದ ಕೆಳಗಿಡಲು ನಿಂಬೆಹಣ್ಣು ತರುತ್ತಾರೆ. ಹಣ್ಣಿಡುವುದನ್ನು ಮರೆಯದವರು ಕನ್ನಡಿ ನೋಡುವುದನ್ನು ಮರೆಯುತ್ತಾರೆ. 'ನಿಂಬೆಹಣ್ಣು ನಿಮ್ಮನ್ನ ಕಾಯಲ್ಲ, ಕಣ್ಣು ಕಾಯುತ್ತೆ' ಎಂದು ಗದರಿ ಹಣ್ಣನ್ನು ಕಿತ್ತುಕೊಂಡು ಜೇಬಿಗೆ ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ಚಿತ್ರಾನ್ನಕ್ಕೆ ಹುಳಿ ಕೊಂಡು ತಂದದ್ದೇ ಕಡಿಮೆ.

ಯಳಂದೂರು ಕಡೆ ಬೇಸಿಗೆಗೆ ಬತ್ತುವ ಒಂದು ಕೆರೆಯಿದೆ. ಕೆಲವು ವರ್ಷಗಳಿಂದ ಅದರ ಅಂಗಳದಲ್ಲಿ ಸುತ್ತಮುತ್ತಲ ಊರಿನವರು ಸೇರಿ ವೇಗದ ಸ್ಪರ್ಧೆ ನಡೆಸುತ್ತಾರೆ. ದೂರದಲ್ಲಿ ಎರಡು ಕಂಬ ನೆಟ್ಟು, ಒಂದು ಸಲಕ್ಕೆ ಒಂದೇ ಗಾಡಿ ಬಿಟ್ಟು, ಈ ಕಂಬದಿಂದ ಆ ಕಂಬಕ್ಕೆ ಯಾವುದು ಬೇಗ ಮುಟ್ಟಿತು ಎಂದು ನೋಡುತ್ತಾರೆ. ಬೈಕಿಗೊಂದು ಕ್ಲಾಸು, ಕಾರಿಗೊಂದು, ಜೀಪಿಗೊಂದು. ಬಾವುಟ ಹಿಡಿಯಲು ನನ್ನನ್ನು ಕರೆದರು. ಗಾಡಿ ಬಿಡು ಎಂದು ಹೇಳುವ ಅಧಿಕಾರ ಜೀವನದಲ್ಲಿ ಮೊದಲ ಸಲ ಸಿಕ್ಕಿದ್ದರಿಂದ ಖುಷಿಯಾಗಿಯೇ ಒಪ್ಪಿಕೊಂಡೆ.

ಎರಡನೇ ವರ್ಷಕ್ಕೆ ನನ್ನ ಹೊಟ್ಟೆ ಉರಿಯತೊಡಗಿತು. ಗೆಲ್ಲುವ ಗಾಡಿಗಳೆಲ್ಲ ದೂರದ ಊರುಗಳಿಂದ ಲಾರಿಯ ಮೇಲೆ ಬರುತ್ತಿದ್ದವು. ಅವಕ್ಕೆ ಸೀಟಿಲ್ಲ, ದೀಪವಿಲ್ಲ, ಹಾರ್ನ್ ಇಲ್ಲ. ಹಲಗೆಯ ಮೇಲಿಂದ ಇಳಿಸಿ, ಒಂದು ಸಲ ಓಡಿಸಿ, ಬಿಸಿ ಆರುವ ಮುಂಚೆ ಮತ್ತೆ ಲಾರಿಗೆ ಹತ್ತಿಸುತ್ತಿದ್ದರು. ತನ್ನ ಚಕ್ರದ ಮೇಲೆ ಮನೆಗೆ ಹೋಗಲಾರದ್ದು ಎಂಥ ಗಾಡಿ? ಅದು ಗಾಡಿಯೇ ಅಲ್ಲ ಎಂದು ಜಗಳವಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಿಟ್ಟಿನ ಹಿಂದೆ ನನ್ನ ಗೆಳೆಯನ ಜೀಪಿತ್ತು. ಅವನು ಲೊಕ್ಕನಹಳ್ಳಿಯವನು. ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವರು. ನಾನು ಪೇಟೆಯಲ್ಲಿ ಉಳಿದೆ, ಅವನು ಊರಿಗೆ ಹೋಗಿ ಬಾಡಿಗೆ ಜೀಪು ಓಡಿಸತೊಡಗಿದ. ಆ ಜೀಪನ್ನು ಅವನೇ ಕಟ್ಟಿದ್ದು. ಬಾಡಿ ಒಂದು ಹಳೇ ಜೀಪಿನದು, ಇಂಜಿನ್ ಒಂದು ವ್ಯಾನಿನದು, ಗೇರ್‌ಬಾಕ್ಸ್ ಯಾವುದರದು ಎಂದು ಕೇಳಿದರೆ ನಗುತ್ತಿದ್ದ. ಎಲ್ಲವನ್ನೂ ಆ ಕಾಲದಲ್ಲೇ ಆರ್‌ಸಿ ಪುಸ್ತಕದಲ್ಲಿ ಬರೆಸಿದ್ದ. ದಿನಾ ಕಾಡಂಚಿನ ಊರುಗಳಿಂದ ಹನೂರಿಗೆ, ಕೊಳ್ಳೇಗಾಲಕ್ಕೆ ಜನ ತುಂಬಿಕೊಂಡು ಬರುತ್ತಿದ್ದ. ಜೋಳದ ಮೂಟೆ, ಹೆರಿಗೆಗೆ ಹೊರಟ ಹೆಂಗಸರು, ಒಮ್ಮೊಮ್ಮೆ ಕರು ಕೂಡ ಅದರಲ್ಲಿ ಬಂದದ್ದುಂಟು. ಖಾಲಿ ಇದ್ದಾಗ ಮಾತ್ರ ಅದು ಬೇರೆಯೇ ಗಾಡಿ. ಮಧುವನಹಳ್ಳಿ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಒಮ್ಮೆ ನನ್ನನ್ನು ಕೂರಿಸಿಕೊಂಡು ಆಕ್ಸಿಲರೇಟರ್ ಒತ್ತಿದ. ನಾನು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲು ನೋಯಿಸಿಕೊಂಡೆ. ಅವನು ಓರೆಗಣ್ಣಲ್ಲಿ ನೋಡಿ, "ಅಲ್ಲಿ ಏನೂ ಇಲ್ಲ ಕಣ್ಲಾ, ತಗಡು ತೂತಾದಾತು" ಎಂದ.

ಆ ಜೀಪಿಗೆ ಕೊನೆಗಾಲ ಬಂದಿತ್ತು. ಮುಂದಿನ ಸಲ ಎಫ್‌ಸಿ ಸಿಗುವುದಿಲ್ಲ, ರಸ್ತೆಯಲ್ಲಿ ಓಡಿಸಲು ಯೋಗ್ಯ ಎಂದು ಪತ್ರ ಕೊಡುವ ವಯಸ್ಸು ದಾಟಿತು ಎಂದು ಆರ್‌ಟಿಓ ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ಇರುವ ಎಫ್‌ಸಿ ಆ ಬೇಸಿಗೆ ಕಳೆಯುವವರೆಗೆ ಮಾತ್ರ. ಆಮೇಲೆ ಗುಜರಿಗೆ. ಅವನು ಇದನ್ನು ನನ್ನ ಸ್ಕೂಲಿನ ಬೆಂಚಿನ ಮೇಲೆ ಕೂತು, ಟೀ ಆರಿಸಿಕೊಳ್ಳುತ್ತಾ ಹೇಳಿದ. "ಒಂದ್ಸಲ ಆ ಕೆರೇಲಿ ಓಡಿಸ್ಬುಡ್ಬೇಕು ಕಣ್ಲಾ. ಇದು ಎಷ್ಟು ಓಯ್ತದೆ ಅಂತ ನಂಗೇ ಗೊತ್ತಿಲ್ಲ. ಯಾವಾಗ್ಲೂ ಜನ ಇರ್ತಾರಲ್ಲ ಒಳಗೆ, ಪೂರ್ತಿ ಒತ್ತೇ ಇಲ್ಲ." ಅಷ್ಟು ವರ್ಷದಲ್ಲಿ ಅವನು ತನಗೆಂದು ಏನನ್ನಾದರೂ ಆಸೆಪಟ್ಟದ್ದನ್ನು ನಾನು ಕೇಳಿದ್ದು ಅದೊಂದೇ.

ಸ್ಪರ್ಧೆ ನಡೆಸುವವರ ಸಭೆಗೆ ಹೋದೆ. ಲಾರಿಯ ಮೇಲೆ ಬರುವ ಜೀಪುಗಳ ಜೊತೆ ಅವನದನ್ನು ಬಿಡಲು ನನಗೆ ಇಷ್ಟವಿರಲಿಲ್ಲ, ಹೊಸ ಕ್ಲಾಸು ಬೇಕು ಎಂದೆ. ಗಾಡಿ ರಸ್ತೆಯ ಮೇಲೆ ಓಡಿಸಿಕೊಂಡೇ ಬರಬೇಕು. ಎಫ್‌ಸಿ, ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು. ಸೀಟು, ಸ್ಟೆಪ್ನಿ, ಟಾಪು ಏನನ್ನೂ ಬಿಚ್ಚುವ ಹಾಗಿಲ್ಲ. ಓಡಿ ಮುಗಿಸಿ ತನ್ನ ಚಕ್ರದ ಮೇಲೇ ಊರು ಸೇರಬೇಕು, ಸೇರಿದ ಮೇಲೇ ಗೆದ್ದ ಲೆಕ್ಕ.

"ಅಂಗಾರೆ ಆಟೋ, ಟೆಂಪೋ ಎಲ್ಲಾ ಬತ್ತವಲ್ಲ ಸಾ?" ಎಂದು ಒಬ್ಬ ನಕ್ಕ.

"ಬರಲಿ. ಅವು ಮನೆಗೆ ಹೋಗ್ತವೆ. ನಿಮ್ಮವು ಹೋಗ್ತವಾ?" ಎಂದೆ.

ದನಿ ಏರಿತು. ಕಬ್ಬಿನ ಲಾರಿಗಳ ಹಿರಿಯ ಮಾಲೀಕರೊಬ್ಬರು ಆ ಸಭೆಗೆ ಯಜಮಾನರು. ಅವರು ನಡುವೆ ಬಂದು ತೀರ್ಪು ಕೊಟ್ಟರು. "ಈ ಸಲ ಒಂದೇ ಗಾಡಿ ಬುಡವ, ಎಲ್ಲಾ ಮುಗುದ್ಮೇಲೆ. ಸರಿಯಾಗಿ ಆದ್ರೆ ಮುಂದ್ಲ ವರ್ಷದಿಂದ ಕ್ಲಾಸು." ಆ ಒಂದು ಗಾಡಿ ಯಾರದು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದಲೇ ಧೂಳು. ಜನ ನಿಂತ ಕಡೆ ಟ್ಯಾಂಕರಿನಿಂದ ನೀರು ಚಿಮುಕಿಸುತ್ತಿದ್ದರು. ಮಧ್ಯಾಹ್ನ ಅದರ ಡ್ರೈವರು ಗಾಡಿಯನ್ನು ಜಾಲಿಮರದ ನೆರಳಿಗೆ ತಂದು ನಿಲ್ಲಿಸಿ ಅನ್ನಸಾಂಬಾರಿನ ಸಾಲಿಗೆ ಹೋದ, ಉಂಡು ಬಂದು ಗಾಡಿ ತೆಗೆದ. ಜೀಪುಗಳು ಮೊದಲಿನ ಜಾಡನ್ನು ಕಿತ್ತು ಹಾಕಿದ್ದರಿಂದ, ನಮ್ಮ ಗಾಡಿಗೆ ಪಕ್ಕಕ್ಕೆ, ಆ ಜಾಲಿಮರದ ಕಡೆಗೆ ಸರಿಸಿ ಹೊಸ ಗೆರೆ ಹಾಕಿದರು. ನನ್ನ ಗೆಳೆಯ ಬೆಳಿಗ್ಗೆಯೇ ಹಾರೆ ಹಿಡಿದು ಅಂಗಳದ ಉದ್ದಕ್ಕೂ ನಡೆದು ನೆಲವನ್ನು ಕುಟ್ಟಿ ನೋಡಿ ಬಂದಿದ್ದ. "ಬಂಡೆ ಇದ್ದಂಗದೆ" ಎಂದಿದ್ದ.

ಅವನ ಜೀಪು ಗೆರೆಗೆ ಬಂದಾಗ ಹಿಂದಿನ ಸೀಟಿನಿಂದ ಊರಿನವರೆಲ್ಲ ಇಳಿದರು. ಅವರಿಗೆ ಅದರ ಓಟ ನೋಡಬೇಕಿತ್ತು. ಕೊನೆಗೆ ಇಳಿದವಳು ಅವನ ಹೆಂಡತಿ. ಸೆರಗಿನಿಂದ ಎರಡು ನಿಂಬೆಹಣ್ಣು ತೆಗೆದು ಮುಂದಿನ ಎರಡು ಚಕ್ರಗಳ ಕೆಳಗೆ ಇಟ್ಟಳು. ನಾನು ಮುಖ ತಿರುಗಿಸಿಕೊಂಡೆ. ಅವನು ಹಣ್ಣು ಒಡೆಯಲೆಂದು ಮೆಲ್ಲಗೆ ಗಾಡಿಯನ್ನು ಮುಂದಕ್ಕೆ ಬಿಟ್ಟ.

ಎಡಗಡೆಯದು ಪಚ್ಚೆಂದು ಒಡೆಯಿತು. ಬಲಗಡೆಯದು ಒಡೆಯಲಿಲ್ಲ. ಚಕ್ರ ದಾಟಿ ಹೋದ ಮೇಲೆ ನೋಡಿದರೆ ಹಣ್ಣು ಇಡಿಯಾಗಿ ಮಣ್ಣಿನಲ್ಲಿ ಹೂತು ಕೂತಿತ್ತು.

"ಬ್ಯಾಡ ಕಣಣ್ಣ" ಎಂದಳು ಅವನ ಹೆಂಡತಿ, ನನ್ನನ್ನೇ ನೋಡಿ. "ಅಣ್ಣು ಒಡೀನಿಲ್ಲ."

ಅಪಶಕುನ ಎಂದು ಜನರಲ್ಲಿ ಗುಜುಗುಜು ಎದ್ದಿತು. ನಾನು ಹೆದರಿದ್ದು ಶಕುನಕ್ಕಲ್ಲ. ಕೂತು ಹಣ್ಣಿನ ಪಕ್ಕ ಬೆರಳು ತೂರಿಸಿದೆ. ಮೇಲೆ ಒಣ ಧೂಳು, ಒಳಗೆ ತಣ್ಣಗೆ ಹಸಿ. ವಯಸ್ಸಿನಲ್ಲಿದ್ದಾಗ ಇಂಥದೇ ಕೆರೆಯಲ್ಲಿ ಗೋಡುಮಣ್ಣು ಸಾಗಿಸುವ ಟ್ರ್ಯಾಕ್ಟರೊಂದು ಮಗುಚಿದ್ದನ್ನು ನೋಡಿದ್ದೆ. ಮೇಲೆ ಹಪ್ಪಳದಂತೆ ಒಣಗಿದ ಮಣ್ಣು, ಕೆಳಗೆ ಕೆಸರು. ಓಡಿಸುತ್ತಿದ್ದವನನ್ನು ಅಡಿಯಿಂದ ಎಳೆಯುವಾಗ ನಾನೂ ಅವನ ಒಂದು ಕೈ ಹಿಡಿದಿದ್ದೆ. ಜೀವ ಹೋಗಿದ್ದರೂ ಆ ಕೈ ಎಷ್ಟು ಬಿಸಿಯಿತ್ತು ಎನ್ನುವುದು ಇವತ್ತಿಗೂ ನೆನಪಿದೆ.

ಎದ್ದು ನಿಂತು ಬಾವುಟ ಸುತ್ತಿಬಿಟ್ಟೆ. "ಓಡಿಸೋ ಹಾಗಿಲ್ಲ. ನೆಲ ಹಸಿ ಇದೆ" ಎಂದು ಕೂಗಿದೆ.

ನೆಲ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. "ನಿಂಬೆಹಣ್ಣಿಗೆ ಎದ್ರಿಕಬುಟ್ರು ಮೇಷ್ಟ್ರು!" ಎಂದು ಹಿಂದಿನಿಂದ ಒಬ್ಬ ಕೂಗಿದ, ಎಲ್ಲರೂ ನಕ್ಕರು. ನಾನು ಗೆಳೆಯನನ್ನು ನೋಡಿದೆ. ಅವನು ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತಿದ್ದ. ತಲೆ ಹೊರಗೆ ಹಾಕಿ ಬಲಗಡೆಯ ನೆಲ ನೋಡಿದ, ಜಾಲಿಮರ ನೋಡಿದ, ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಜಗಳವಾಡುತ್ತಾನೆ ಎಂದುಕೊಂಡೆ. ಆಡಿದ್ದರೆ ಒಳ್ಳೆಯದಿತ್ತು.

"ಆಯ್ತು ಬುಡು" ಎಂದ. ಊರಿನವರನ್ನು ಹತ್ತಿಸಿಕೊಂಡು, ರಿವರ್ಸ್ ತೆಗೆದು, ಕೆರೆ ಏರಿ ಹತ್ತಿ ಹೊರಟುಹೋದ.

ಮಳೆ ಬಿದ್ದ ಮೇಲೆ ಜೀಪು ಗುಜರಿಗೆ ಹೋಯಿತು. ಅವನು ನನಗೆ ಹೇಳಲಿಲ್ಲ. ಹನೂರಿನ ಮೆಕ್ಯಾನಿಕ್ ಒಬ್ಬ ಹೇಳಿದ. ಬೆಂಚಿನ ಮೇಲೆ ಕೂತು ಟೀ ಕುಡಿಯಲು ಅವನು ಬರುವುದು ಕಡಿಮೆಯಾಯಿತು. ಬಂದರೂ ಜೀಪಿನ ಮಾತು ತೆಗೆಯುತ್ತಿರಲಿಲ್ಲ. ನನಗೆ ಒಳಗೊಳಗೇ ಕೋಪ. ಜೀವ ಉಳಿಸಿದವನಿಗೆ ಒಂದು ಒಳ್ಳೆಯ ಮಾತು ಬೇಡವೇ? ಪೇಟೆಯಲ್ಲಂತೂ ನನಗೆ ನಿಂಬೆಹಣ್ಣು ಮೇಷ್ಟ್ರು ಎಂದೇ ಹೆಸರು ಬಿತ್ತು. ತರಕಾರಿ ಅಂಗಡಿಯವಳು ಕೂಡ ಹಣ್ಣು ಒತ್ತಿ ತೋರಿಸಿ, "ಇದು ಒಡೀತದೆ ಸಾ, ಎದರ್ಬ್ಯಾಡಿ" ಎನ್ನುತ್ತಿದ್ದಳು. ಸಿಕ್ಕವರಿಗೆಲ್ಲ ಹಸಿ ನೆಲದ ಕಥೆ ಹೇಳಿದೆ, ಟ್ರ್ಯಾಕ್ಟರಿನ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅನುಮಾನ ಹತ್ತಿಕೊಂಡಿತು. ಒಂದು ಹಣ್ಣು ಒಡೆದಿತ್ತಲ್ಲ, ಆ ಕಡೆ ಯಾಕೆ ಬೆರಳು ತೂರಿಸಿ ನೋಡಲಿಲ್ಲ? ಆದರೂ ಬಾಯಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ.

ಮುಂದಿನ ವರ್ಷದ ಸಭೆಗೆ ಹೋಗುವುದೇ ಬೇಡ ಎಂದುಕೊಂಡಿದ್ದೆ. ಯಜಮಾನರೇ ಕರೆಸಿದರು. "ತನ್ನ ಗೆಳೆಯನ ಗಾಡಿನೇ ನಿಲ್ಸುದ್ನಲ್ಲ ಈ ಮನ್ಸ" ಎಂದರು ಎಲ್ಲರಿಗೂ ಕೇಳುವಂತೆ. "ನಿಲ್ಲು ಅಂದ ತಕ್ಷಣ ಅವನೂ ಮರುಮಾತಾಡ್ದೆ ನಿಂತ. ಇಂಗೆ ಮಾತ್ಗೆ ನಿಲ್ಲೋರು ಬರೋದಾದ್ರೆ ಯಾರೂ ಸಾಯಕಿಲ್ಲ. ಇರ್ಲಿ ಈ ಕ್ಲಾಸು." ಹೀಗೆ ನನ್ನ ಕ್ಲಾಸು ಬಂದಿತು. ನಾನೇ ಹಾಕಿದ ನಿಯಮದ ಪ್ರಕಾರ ಎಫ್‌ಸಿ ಇಲ್ಲದವನಿಗೆ ಅದರಲ್ಲಿ ಜಾಗವಿರಲಿಲ್ಲ. ಅವನಿಗಂತೂ ಗಾಡಿಯೇ ಇರಲಿಲ್ಲ.

ಆ ಬೇಸಿಗೆ ಓಡಿಸಿಕೊಂಡೇ ಬಂದ ಗಾಡಿಗಳು ಕೆರೆ ಏರಿಯ ಮೇಲೆ ಸಾಲುಗಟ್ಟಿ ನಿಂತವು. ಹಾಲಿನ ವ್ಯಾನು, ಹಳೇ ಅಂಬಾಸಡರ್, ಇಂಜಿನ್ ಬದಲಾಯಿಸಿದ ಟೆಂಪೋ, ಎರಡು ಮೂರು ಜೀಪು. ನಾನು ಗೆರೆಯ ಪಕ್ಕ ನಿಂತಿದ್ದೆ. ಬಸ್ಸಿಳಿದು ನಡೆದು ಬಂದ ನನ್ನ ಗೆಳೆಯ ನೇರ ಗೆರೆಯ ಹತ್ತಿರ ಹೋದ. ಮೊದಲನೇ ಗಾಡಿಯ ಚಕ್ರಗಳ ಮುಂದೆ ಹಿಮ್ಮಡಿಯಿಂದ ನೆಲವನ್ನು ಕುಟ್ಟಿದ. ಆ ಕಡೆ ಕುಟ್ಟಿದ, ಈ ಕಡೆ ಕುಟ್ಟಿದ. ಆಮೇಲೆ ನನ್ನ ಪಕ್ಕ ಬಂದು ನಿಂತ.

"ಈ ಸಲ ಟ್ಯಾಂಕರು ಇಲ್ಲಿ ನಿಂತಿರ್ನಿಲ್ಲ. ಇಳ್ಸು ಬಾವುಟ" ಎಂದ.

ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಜಾಲಿಮರದ ನೆರಳು, ಊಟದ ಹೊತ್ತು, ತೊಟ್ಟಿಕ್ಕುವ ನಲ್ಲಿ. ಹೋದ ವರ್ಷ ಹಸಿಯಿದ್ದದ್ದು ಅಲ್ಲಿ ಮಾತ್ರ, ಒಂದು ಚಕ್ರದಗಲ. ಮಿಕ್ಕದ್ದೆಲ್ಲ ಅವನು ಹಾರೆಯಲ್ಲಿ ಕುಟ್ಟಿ ನೋಡಿದ್ದ ಬಂಡೆಯಂಥ ನೆಲ.

"ನಿನಗೆ ಆವತ್ತೇ ಗೊತ್ತಿತ್ತಾ?"

"ಊಂ. ಅದ್ರ ನಲ್ಲಿ ಸೋರ್ತಿದ್ದುದ್ದ ನೋಡಿದ್ದೆ."

"ಮತ್ಯಾಕೆ ಬಾಯಿ ಬಿಡಲಿಲ್ಲ?" ನನಗೆ ಸಿಟ್ಟೇ ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಅಷ್ಟು ಜನದ ಮುಂದೆ ನೀನು ತಪ್ಪು ಅಂತ ಏಳ್ಬೇಕಾಗಿತ್ತಾ? ನೀನು ಬಾವುಟ ಸುತ್ಬುಟ್ಟಿದ್ದೆ ಕಣ್ಲಾ. ಬಾವುಟ ಇಡ್ದೋನ ಮಾತು ಗೆರೆ ಮೇಲೇ ಮುರುದ್ರೆ ಇವರು ಕ್ಲಾಸು ಕೊಡ್ತಿದ್ರಾ? ಇಳ್ಸು, ಕಾಯ್ತಾವರೆ."

ಬಾವುಟ ಇಳಿಸಿದೆ. ಗಾಡಿ ಹೋಯಿತು. ಎಷ್ಟು ವೇಗದಲ್ಲಿ ಹೋಯಿತು ಎಂದು ಜನ ಕೂಗುತ್ತಿದ್ದರು, ನನಗೆ ಕೇಳಿಸಲಿಲ್ಲ. ಅವನ ಜೀಪು ಎಷ್ಟು ಹೋಗುತ್ತಿತ್ತು ಎನ್ನುವುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ತಿಳಿದುಕೊಳ್ಳುವ ಆಸೆಯನ್ನು ಅವನು ನನ್ನ ಮರ್ಯಾದೆಗೆ ಬಿಟ್ಟುಕೊಟ್ಟಿದ್ದ. ನಾನು ವರ್ಷವಿಡೀ ಅವನ ಜೀವ ಉಳಿಸಿದವನೆಂದು ಹೇಳಿಕೊಂಡು ತಿರುಗಿದ್ದೆ. ನಾಚಿಕೆಯಾಯಿತು. ಅಳು ಬಂತು, ಧೂಳಿನ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಸಂಜೆ ಅವನು ಬಸ್ಸಿಗೆ ಹೊರಟ. ತಡೆದು, ನನ್ನ ಸ್ಕೂಲಿನ ಕಾರಿನ ಕೀಲಿ ಅವನ ಕೈಗಿಟ್ಟೆ. "ಲೊಕ್ಕನಹಳ್ಳಿಗೆ ನೀನೇ ಓಡಿಸು" ಎಂದೆ. ಅವನು ಸೀಟು ಸರಿಮಾಡಿಕೊಂಡು ಕೂತ, ನಾನು ನನ್ನ ಮಾಮೂಲಿ ಜಾಗದಲ್ಲಿ ಕೂತೆ. ಕೊಳ್ಳೇಗಾಲ ದಾಟಿ, ಮಧುವನಹಳ್ಳಿ ದಾಟಿ, ನೇರ ರಸ್ತೆ ಸಿಕ್ಕಿತು. ಎದುರಿಗೆ ಯಾರೂ ಇರಲಿಲ್ಲ. ಇಂಜಿನ್ ದನಿ ಏರಿದ್ದು ಕೇಳಿಸಿತು. ನನ್ನ ಬಲಗಾಲು ಬ್ರೇಕಿನ ಕಡೆ ಹೊರಟಿತು. ಈ ಸಲ ಅಲ್ಲಿ ನಿಜವಾಗಿಯೂ ಬ್ರೇಕ್ ಇತ್ತು.

ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ.

ಅವನು ಓರೆಗಣ್ಣಲ್ಲಿ ನೋಡಿದ. "ಯಾಕ್ಲಾ, ಕಾಲು ನೋವಾ?"

"ಹೂಂ" ಎಂದೆ. "ನೀನು ಓಡಿಸು."